ಹದಿನೆಂಟು ಅಲಗಿನ ರಜೆ

ಆನ್ಸೆಲ್ಮನ ರಜೆಗೆ ಅಡ್ಡ ಬಂದದ್ದು ಒಂದು ಹುಲ್ಲು ಕೊಯ್ಯುವ ಯಂತ್ರ. ಅದೂ ಅವನ ಅಜ್ಜನ ಕಾಲದ್ದು, ಕುದುರೆ ಎಳೆದರೆ ಮಾತ್ರ ನಡೆಯುವಂಥದ್ದು.

ದೋಹಾದ ಹೊರಗೆ, ಮುಐದರ್ ದಾಟಿದ ಮೇಲೆ ಸಿಗುವ ಆ ತೋಟದ ಯಜಮಾನರನ್ನು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ಅವರಿಗೆ ಹಳೆಯ ವಸ್ತುಗಳ ಹುಚ್ಚು. ತೊಂಬತ್ತಾರನೇ ಇಸವಿಯಲ್ಲಿ ಇಂಗ್ಲೆಂಡಿನ ಯಾವುದೋ ಹರಾಜಿನಲ್ಲಿ ಈ ಯಂತ್ರವನ್ನು ಹಿಡಿದು ಹಡಗು ಹತ್ತಿಸಿದರು. ಎಳೆಯಲಿಕ್ಕೆಂದು ಒಂದು ದಪ್ಪ ಮುದಿ ಹೆಣ್ಣುಕುದುರೆಯೂ ಜೊತೆಗೆ ಬಂತು. ಎರಡು ಕಬ್ಬಿಣದ ಗಾಲಿ, ನಡುವೆ ಒಂದು ಆಸನ, ಬಲಗಡೆ ನೆಲಕ್ಕೆ ತಾಗುವಂತೆ ಚಾಚಿದ ಉದ್ದನೆಯ ಪಟ್ಟಿ. ಗಾಲಿ ಉರುಳಿದಾಗ ಪಟ್ಟಿಯ ಮೇಲಿನ ಹದಿನೆಂಟು ತ್ರಿಕೋನದ ಅಲಗುಗಳು ಕಟಕಟ ಎಂದು ಅತ್ತಿತ್ತ ಓಡಿ ಹುಲ್ಲು ಕತ್ತರಿಸಬೇಕು. ಆದರೆ ಅವು ಸವೆದು ಮುದುಕರ ಹಲ್ಲಿನಂತಾಗಿದ್ದವು. ಯಂತ್ರ ಬಂದಾಗ ಹುಲ್ಲು ಮರ್ಯಾದೆಯಿಂದ ಬಗ್ಗುತ್ತಿತ್ತು, ದಾಟಿದ ಮೇಲೆ ಮತ್ತೆ ಎದ್ದು ನಿಲ್ಲುತ್ತಿತ್ತು.

ಆನ್ಸೆಲ್ಮ್ ಆ ತೋಟದ ಮೆಕ್ಯಾನಿಕ್, ಉಡುಪಿ ಕಡೆಯವನು. ತಂಗಿ ಮರೀನಾಳ ಮದುವೆ ಡಿಸೆಂಬರ್ ಇಪ್ಪತ್ತೆಂಟಕ್ಕೆ. ಅಪ್ಪ ತೀರಿಕೊಂಡ ಮನೆ. ಅವಳ ಕೈಹಿಡಿದು ಇಗರ್ಜಿಯೊಳಗೆ ನಡೆಸಬೇಕಾದವನು ಇವನೇ. ವಿಮಾನ ಶುಕ್ರವಾರ ರಾತ್ರಿಗೆ. ಅದನ್ನು ಹತ್ತಲು, ದೇಶ ಬಿಡಬಹುದೆಂದು ಅರ್ಬಾಬ್ ಸಹಿ ಹಾಕಿದ ಪರ್ಮಿಟ್ ಬೇಕು. ಅರ್ಬಾಬರೋ ಗುರುವಾರ ಸಂಜೆಯೇ ಗಿಡುಗಗಳನ್ನು ಹಿಡಿದುಕೊಂಡು ಪಾಕಿಸ್ತಾನದ ಮರಳುಗಾಡಿಗೆ ಬೇಟೆಗೆ ಹೊರಡುವವರು. ಆಮೇಲೆ ಒಂದು ತಿಂಗಳು ಅವರದ್ದು ಫೋನೂ ಇಲ್ಲ, ಪತ್ತೆಯೂ ಇಲ್ಲ.

"ಮಾಕೀನಾ ಹುಲ್ಲು ಕತ್ತರಿಸಿದರೆ ಸಹಿ," ಎಂದಿದ್ದರು ಅರ್ಬಾಬ್. "ಗುರುವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಬಂದು ನೋಡುತ್ತೇನೆ. ಇಲ್ಲದಿದ್ದರೆ ಬೇಟೆ ಮುಗಿಸಿ ಬಂದ ಮೇಲೆ."

ಗುರುವಾರ ಬೆಳಿಗ್ಗೆ ಆನ್ಸೆಲ್ಮ್ ಯಂತ್ರವನ್ನು ಕುದುರೆ ಮೇವಿನ ಗದ್ದೆಯ ಬದಿಗೆ ತಂದ. ಹುಲ್ಲಿನ ಮೇಲೆ ತೋಟದವರ ಒಗೆದ ಬಟ್ಟೆಗಳೆಲ್ಲ ಹರಡಿದ್ದವು. ಎಲ್ಲಿ ನೋಡಿದರೂ ಧೂಳು, ಗ್ರೀಸು. ಆ ಹಸಿರು ಹುಲ್ಲೊಂದೇ ಶುಚಿಯಾದ ಜಾಗ. ಅವನು ಬಟ್ಟೆಗಳನ್ನು ಬಾಚಿ ಆಚೆ ಹಾಕುವಷ್ಟರಲ್ಲಿ ಸ್ಟೋರ್‌ಕೀಪರ್ ಗೋಪಿನಾಥ್ ಚಹಾದ ಲೋಟ ಹಿಡಿದು ಹಾಜರಾದ. ಈತ ಇಪ್ಪತ್ತು ವರ್ಷದಲ್ಲಿ ಒಂದು ನಟ್ಟನ್ನೂ ತಿರುಗಿಸಿದವನಲ್ಲ, ಆದರೆ ಎಲ್ಲ ನಟ್ಟುಗಳ ಬಗ್ಗೆಯೂ ಅವನಿಗೆ ಅಭಿಪ್ರಾಯವಿತ್ತು.

"ಅದು ಕಟ್ ಆಗುದಿಲ್ಲ ಮಾರಾಯಾ," ಎಂದ ಗೋಪಿನಾಥ್. "ಹುಲ್ಲನ್ನು ಜಗಿಯುದು, ಹರಿಯುದು, ಅಷ್ಟೇ."

"ಆಗ್ತದೆ."

"ಅರ್ಬಾಬಿಗೆ ಕಣ್ಣೀರು ಹಾಕಿ ಕೇಳು. ಕೊಟ್ಟರೂ ಕೊಟ್ಟಾರು."

"ನಾನ್ಯಾಕೆ ಅಳ್ಬೇಕು? ಕತ್ತರಿಸಿದರೆ ಸಹಿ ಅಂತ ಮಾತಾಗಿದೆ. ಕತ್ತರಿಸಿಯೇ ತಗೊಳ್ತೇನೆ," ಎಂದ ಆನ್ಸೆಲ್ಮ್, ಪಟ್ಟಿಯನ್ನು ಹೊರಗೆಳೆದು ವೈಸಿನ ದವಡೆಗೆ ಸಿಕ್ಕಿಸಿ, ಸುತ್ತಿಗೆಯಿಂದ ಅಲಗುಗಳ ಬೆನ್ನಿಗೆ ಒಂದೊಂದೇ ಏಟು ಕೊಟ್ಟ. ರಿವೆಟ್ಟುಗಳು ತುಂಡಾಗಿ ಅಲಗುಗಳು ಟಣ್ ಟಣ್ ಎಂದು ಉದುರಿದವು. ಕೆಲಸದ ಕ್ರಮವೇ ಅದು. ಆದರೆ ಗೋಪಿನಾಥ್ ಲೋಟ ಕೆಳಗಿಟ್ಟು ತಲೆಯ ಮೇಲೆ ಕೈಹೊತ್ತ. "ಅಯ್ಯೋ! ಅರ್ಬಾಬಿನ ಆಂಟಿಕ್ ಪುಡಿ ಮಾಡಿದ!" ಎಂದು ಕೂಗಿದ್ದು ಅಡುಗೆಮನೆಯವರೆಗೂ ಕೇಳಿಸಿತು.

ಆನ್ಸೆಲ್ಮ್ ಪಿಕಪ್ ಹತ್ತಿ ದೋಹಾ ಅಲ್ ಜದೀದಾಕ್ಕೆ ಓಡಿಸಿದ. ಅಲ್ಲಿ ಉಳ್ಳಾಲದ ಹಿಶಾಮನ ಬಿಡಿಭಾಗಗಳ ಅಂಗಡಿ. ಟ್ರ್ಯಾಕ್ಟರಿಗೆ ಜೋಡಿಸುವ ಯಂತ್ರದ ಅಲಗುಗಳು ಅವನಲ್ಲಿದ್ದವು. ಅಳತೆಯೂ ಅದೇ, ತೂತೂ ಅದೇ. ಪೊಟ್ಟಣ ಕಟ್ಟುತ್ತ ಹಿಶಾಮ್ ಕೇಳಿದ, "ಕುದುರೆ ಎಂತಕ್ಕೆ ಭಾಯ್? ಸೀಟಿನಡಿ ಒಂದು ಸಣ್ಣ ಪೆಟ್ರೋಲ್ ಇಂಜಿನ್ ಇಡಿ. ಅರ್ಬಾಬಿಗೆ ಗೊತ್ತಾಗ್ಲಿಕ್ಕುಂಟಾ?"

"ಮೋಸ ಮಾಡಿ ತಂಗಿಯ ಮದುವೆಗೆ ಹೋಗುವವ ನಾನಲ್ಲ," ಎಂದು ಆನ್ಸೆಲ್ಮ್ ಪೊಟ್ಟಣ ಕಿತ್ತುಕೊಂಡ.

ತೋಟಕ್ಕೆ ಮರಳಿ ಹತ್ತೂವರೆಗೆ ಮೂವತ್ತಾರು ರಿವೆಟ್ಟು ಬಡಿದು ಮುಗಿಸಿದ. ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು. ಪಟ್ಟಿಯನ್ನು ಮತ್ತೆ ತೂರಿಸಲು ಬಗ್ಗಿದವನು ಅಡಿಯಲ್ಲಿ ಬೆರಳಾಡಿಸಿ ನೋಡಿದ. ಓಡುವ ಅಲಗುಗಳ ಕೆಳಗೆ ಓಡದೆ ಕೂರುವ ಉಕ್ಕಿನ ಬಿಲ್ಲೆಗಳಿರುತ್ತವೆ. ಕತ್ತರಿಯ ಇನ್ನೊಂದು ಬಾಯಿ ಅದು. ಅವುಗಳಲ್ಲಿ ಏಳು ನೆಕ್ಕಿಬಿಟ್ಟ ಬೆಲ್ಲದ ಉಂಡೆಯ ಹಾಗೆ ದುಂಡಗಾಗಿದ್ದವು.

"ಬಿಡು, ಮೇಲಿನದ್ದು ಹೊಸತಲ್ವಾ? ಅಡಿಯದ್ದು ಯಾರು ನೋಡ್ತಾರೆ?" ಎಂದ ಗೋಪಿನಾಥ್.

"ಹುಲ್ಲು ನೋಡ್ತದೆ!"

ಸ್ಟೋರಿನ ಮೂಲೆಯಲ್ಲಿ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯೊಂದು ಬಿದ್ದಿತ್ತು. ಒಳ್ಳೆಯ ಉಕ್ಕು. ಗೋಪಿನಾಥ್ ಬಾಗಿಲಿಗೆ ಅಡ್ಡ ನಿಂತು, "ಅರ್ಬಾಬಿನ ಆರ್ಡರ್ ಇಲ್ಲದೆ ಮಾಫಿ, ಕೊಡ್ಲಿಕ್ಕಿಲ್ಲ!" ಎಂದ. ಆನ್ಸೆಲ್ಮ್ ಅದನ್ನು ಹೆಗಲಿಗೇರಿಸಿ, ಅವನ ಪಕ್ಕದಲ್ಲೇ ನಡೆದುಹೋದ. ಗ್ಯಾಸಿನ ಜ್ವಾಲೆಯಿಂದ ಏಳು ಬಿಲ್ಲೆ ಕೊಯ್ದು, ಉಜ್ಜಿ, ಕೆಂಪಗೆ ಕಾಯಿಸಿದ. ಇನ್ನು ತಕ್ಷಣ ಎಣ್ಣೆಯಲ್ಲಿ ಅದ್ದಬೇಕು, ಇಲ್ಲದಿದ್ದರೆ ಗಟ್ಟಿಯಾಗುವುದಿಲ್ಲ. ಎಣ್ಣೆಯ ಡ್ರಮ್ಮಿಗೆ ಬೀಗ. ಬೀಗದ ಕೈಯನ್ನು ಕಿಸೆಗೆ ಹಾಕಿಕೊಂಡು ಸಿಟ್ಟಾದ ಗೋಪಿನಾಥ್ ಪೇಟೆಗೆ ಹೋಗಿಯಾಗಿತ್ತು.

ಇಕ್ಕಳದಲ್ಲಿ ಬೆಂಕಿಯುಂಡೆಗಳನ್ನು ಹಿಡಿದು ಆನ್ಸೆಲ್ಮ್ ಅಡುಗೆಮನೆಗೆ ನುಗ್ಗಿದ. ಅಡುಗೆಯ ಸಾಬಿತ್ ಆಗಷ್ಟೇ ಮೀನು ಕರಿಯುತ್ತಿದ್ದ. ಚುಂಯ್ ಚುಂಯ್ ಎಂದು ಏಳೂ ಬಿಲ್ಲೆಗಳು ಬಾಣಲೆಗೆ ಬಿದ್ದವು.

"ಯಾ ಅಲ್ಲಾಹ್! ನನ್ನ ಮೀನು!" ಸಾಬಿತ್ ಸೌಟು ಎತ್ತಿದ. "ಹದಿನಾಲ್ಕು ಜನರ ಊಟ ಇದು, ಆನ್ಸೆಲ್ಮ್!"

"ತಂಗಿಯ ಮದುವೆ, ಸಾಬಿತ್!"

ಸಾಬಿತನಿಗೂ ಊರಿನಲ್ಲಿ ಇಬ್ಬರು ತಂಗಿಯರಿದ್ದರು. ಅವನು ಸೌಟಿನಿಂದಲೇ ಬಿಲ್ಲೆಗಳನ್ನು ಎತ್ತಿಕೊಟ್ಟ. ಅಂದು ಮಧ್ಯಾಹ್ನ ತೋಟದವರೆಲ್ಲ ಕಬ್ಬಿಣದ ರುಚಿಯ ಮೀನು ತಿಂದು ಆನ್ಸೆಲ್ಮನನ್ನು ಬಾಯ್ತುಂಬ ಬೈದರು.

ಅಸರ್ ನಮಾಜು ಮುಗಿಸಿ ಅರ್ಬಾಬ್ ಬಂದರು. ಪ್ರಯಾಣಕ್ಕೆಂದು ಇಸ್ತ್ರಿ ಹಾಕಿಟ್ಟ ಬಿಳಿ ಅಂಗಿ ತೊಟ್ಟು ಆನ್ಸೆಲ್ಮ್ ಆಸನದ ಮೇಲೆ ಕೂತಿದ್ದ. "ಯಲ್ಲಾ!" ಎಂದರು ಅರ್ಬಾಬ್. ಕುದುರೆ ಹೆಜ್ಜೆಯಿಟ್ಟಿತು. ಕಟಕಟಕಟ ಸದ್ದಿಗೆ ಹುಲ್ಲು ಒಂದೇ ಸಮನೆ ಮಲಗಿತು, ಈ ಸಲ ಏಳಲಿಲ್ಲ. ಬಿಲ್ಲೆಗಳಿಗೆ ಅಂಟಿದ್ದ ಮೀನಿನ ವಾಸನೆಗೆ ತೋಟದ ಐದಾರು ಬೆಕ್ಕುಗಳು ಹಿಂದೆ ಮೆರವಣಿಗೆ ಹೊರಟಿದ್ದವು. ಅರ್ಬಾಬ್ ಮಗುವಿನಂತೆ ಚಪ್ಪಾಳೆ ತಟ್ಟಿ, ಕಾರಿನ ಬಾನೆಟ್ಟಿನ ಮೇಲೆಯೇ ಪರ್ಮಿಟ್ಟಿಗೆ ಸಹಿ ಹಾಕಿ, "ಖಲಾಸ್! ತಂಗಿಗೆ ಸಲಾಂ ಹೇಳು," ಎಂದು ಗಿಡುಗಗಳ ಸಮೇತ ವಿಮಾನನಿಲ್ದಾಣಕ್ಕೆ ಹೊರಟುಬಿಟ್ಟರು.

ಆನ್ಸೆಲ್ಮ್ ಪರ್ಮಿಟ್ಟನ್ನು ಮಡಚಿ ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿದ. ಗ್ರೀಸು ತಾಗೀತೆಂದು ಅಂಗಿ ಕಳಚಿ, "ಶುಚಿಯಾದಲ್ಲಿ ಇಡು," ಎಂದು ಸಾಬಿತನ ಕೈಗೆ ಕೊಟ್ಟು, ಬನಿಯನ್ನಿನಲ್ಲೇ ಯಂತ್ರ ಒರೆಸಲು ಕೂತ. ಇಷ್ಟು ಸಂತೋಷ ಅವನಿಗೆ ಎರಡು ವರ್ಷದಿಂದ ಆಗಿರಲಿಲ್ಲ.

ಪೇಟೆಯಿಂದ ಮರಳಿದ ಗೋಪಿನಾಥ್ ಕೊಯ್ದ ಜಾಗವನ್ನು ಕಾಲಲ್ಲಿ ಕೆದಕಿದ. "ಇದು ತೆಳು ಹುಲ್ಲಲ್ವಾ? ಬಾಯಲ್ಲಿ ಊದಿದರೂ ಬೀಳ್ತದೆ. ಆ ನೀರುಕಾಲುವೆ ಬದಿಯ ದಪ್ಪ ಹುಲ್ಲು ಕಟ್ ಆಗುದಿಲ್ಲ."

ಪರ್ಮಿಟ್ ಸಿಕ್ಕಾಗಿತ್ತು, ಸುಮ್ಮನಿರಬಹುದಿತ್ತು. ಆದರೆ ಬೆಳಗಿನಿಂದ ಆ ಒಂದೇ ಮಾತು ಕೇಳಿ ಕೇಳಿ ಆನ್ಸೆಲ್ಮನ ಮಂಡೆ ಬಿಸಿಯಾಗಿತ್ತು. "ಬಾ, ನಿನ್ನ ಕಣ್ಣೆದುರೇ ತೋರಿಸ್ತೇನೆ!" ಎಂದು ಆಸನಕ್ಕೆ ಹಾರಿದ. ಕಾಲುವೆಯ ಬದಿಗೆ ಯಂತ್ರ ಇಳಿಯಿತು. ಮೊಣಕಾಲೆತ್ತರದ ಹುಲ್ಲು ಬೆಣ್ಣೆಯ ಹಾಗೆ ಕತ್ತರಿಸಿಕೊಂಡು ಬಿತ್ತು. ಆನ್ಸೆಲ್ಮ್ ನೆಲ ನೋಡಲಿಲ್ಲ. ಅವನು ನೋಡುತ್ತಿದ್ದದ್ದು ಗೋಪಿನಾಥನ ಮುಖವನ್ನು. ಆ ಮುಖ ಸೋಲುವುದನ್ನು ಕಣ್ತುಂಬ ಕಂಡು, ತುದಿಯಲ್ಲಿ ಕುದುರೆಯನ್ನು ತಿರುಗಿಸಿ ನಿಲ್ಲಿಸಿದ.

"ಆನ್ಸೆಲ್ಮ್!" ಅಡುಗೆಮನೆಯಿಂದ ಸಾಬಿತ್ ಓಡಿಬಂದ. "ಅಲ್ಲಿ, ಹುಲ್ಲಿನ ಮೇಲೆ... ಅಂಗಿ! ಶುಚಿಯಾದಲ್ಲಿ ಇಡು ಅಂದೆಯಲ್ಲ!"

ಪಟ್ಟಿಗೆ ಒಂದು ಬಿಳಿ ತೋಳು ಸುತ್ತಿಕೊಂಡಿತ್ತು. ಉಳಿದ ಅಂಗಿ ಹುಲ್ಲಿನ ಸಾಲಿನಲ್ಲಿ ಅಲ್ಲಲ್ಲಿ ಹಂಚಿಹೋಗಿತ್ತು.

ಮೂವರೂ ಮೊಣಕಾಲೂರಿ ಪರ್ಮಿಟ್ಟಿನ ಚೂರುಗಳನ್ನು ಹುಡುಕಿದರು. "ಅಂಟಿಸ್ಬಹುದು, ನನ್ನಲ್ಲಿ ಗಮ್ ಉಂಟು," ಎಂದು ಗೋಪಿನಾಥ್ ಒಂದೊಂದೇ ಆಯತೊಡಗಿದ. ಹೆಸರು ಸಿಕ್ಕಿತು, ಪಾಸ್‌ಪೋರ್ಟ್ ನಂಬರ್ ಸಿಕ್ಕಿತು, ತಾರೀಕು ಸಿಕ್ಕಿತು. ಸಹಿ ಮಾತ್ರ ಸಿಗಲಿಲ್ಲ. ಸಾಬಿತ್ ತಲೆಯೆತ್ತಿದ. ಮುದಿ ಕುದುರೆ ತಾಜಾ ಹುಲ್ಲನ್ನು ಹಾಯಾಗಿ ಮೆಲ್ಲುತ್ತಿತ್ತು. ಅದರ ತುಟಿಯ ಸಂದಿಯಲ್ಲಿ ನೀಲಿ ಶಾಯಿಯಿದ್ದ ಬಿಳಿ ಕಾಗದದ ಒಂದು ಮೂಲೆ ಕಂಡು, ಒಳಗೆ ಹೋಯಿತು.

ಆನ್ಸೆಲ್ಮನ ಕಣ್ಣು ತುಂಬಿತ್ತು. ಅವನು ತನ್ನ ಹೆಸರಿದ್ದ ಚೂರನ್ನು ಎತ್ತಿ, ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಗೋಪಿನಾಥನ ಮೂಗಿನ ಮುಂದೆ ಹಿಡಿದ.

"ನೋಡು. ಇದು ಹರಿದದ್ದಾ, ಕಟ್ ಆದದ್ದಾ?"

"ಬಿಡು ಮಾರಾಯಾ, ಈಗ ಎಂತಕ್ಕೆ..."

"ಹೇಳು!"

ಗೋಪಿನಾಥ್ ತಲೆ ತಗ್ಗಿಸಿದ. "ಕಟ್ ಆದದ್ದು."

"ಜೋರಾಗಿ ಹೇಳು. ಊರಲ್ಲಿ ಮರೀನಾಳಿಗೆ ಕೇಳಿಸ್ಬೇಕು."