ಸಿದ್ದರಾಯ ಮಾಸ್ತರನ ಘಾನಾ ಪ್ರಯಾಣ

ನೌಕರಿ ಸಿಗದವನ ಕಷ್ಟ ಎಲ್ಲರಿಗೂ ಗೊತ್ತು. ಒಂದೇ ದಿನ ಎರಡು ನೌಕರಿ ಸಿಕ್ಕವನ ಕಷ್ಟ ವಿಜಾಪುರದಲ್ಲಿ ಸಿದ್ದರಾಯ ಮಾಸ್ತರನಿಗೆ ಮಾತ್ರ ಗೊತ್ತು. ಅವತ್ತು ಬೆಳಗಿನ ಟಪಾಲಿನಲ್ಲಿ ಅವನ ಹೆಸರಿಗೆ ಎರಡು ಲಕೋಟೆ ಬಂದವು. ಒಂದು ಸುಡಾನದಿಂದ, ಇನ್ನೊಂದು ಘಾನಾದಿಂದ. ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ ಮಾತು: ನಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಲು ನಿಮ್ಮನ್ನು ಆರಿಸಿದ್ದೇವೆ, ಬರುತ್ತೀರೋ ಇಲ್ಲವೋ ಕೂಡಲೇ ತಂತಿ ಕಳಿಸಿ.

ಸಿದ್ದರಾಯ ಅರ್ಜಿ ಹಾಕಿದ್ದು ಹೋಗುವುದಕ್ಕಲ್ಲ, ಹಾಕಿದ್ದೇನೆ ಎಂದು ಹೇಳಿಕೊಳ್ಳುವುದಕ್ಕೆ. ‘ಫಾರಿನ್ನಿಗೆ ಅರ್ಜಿ ಹಾಕೀನಿ’ ಎಂದು ಬಾಯಿಬಿಟ್ಟ ದಿನದಿಂದ ಸಿದ್ಧೇಶ್ವರ ಗುಡಿಯ ಹತ್ತಿರದ ಚಹಾದಂಗಡಿಯಲ್ಲಿ ಅವನಿಗೆ ಬೆಂಚು ಒರೆಸಿ ಕೂಡಿಸುತ್ತಿದ್ದರು. ಅಷ್ಟು ಮರ್ಯಾದೆ ಅವನಿಗೆ ಸಾಕಾಗಿತ್ತು. ಆ ಕಡೆಯವರು ನಿಜವಾಗಿಯೂ ಕರೆದುಬಿಡುತ್ತಾರೆಂದು ಯಾರು ಕಂಡಿದ್ದರು?

ಹೋಗಲು ಅವನಿಗೆ ಭಯ. ಸಮುದ್ರದ ಭಯವಲ್ಲ, ಇಂಗ್ಲಿಷಿನ ಭಯ. ಇಂಗ್ಲಿಷ್ ಮಾಸ್ತರನಿಗೆ ಇಂಗ್ಲಿಷಿನ ಭಯವೇ ಎಂದು ನೀವು ನಗಬಹುದು. ಆದರೆ ಸಿದ್ದರಾಯ ಇಂಗ್ಲಿಷ್ ಕಲಿಸುತ್ತಿದ್ದದ್ದು ಕನ್ನಡದಲ್ಲಿ. "ದಿ ಬಾಯ್ ಈಜ್ ರನ್ನಿಂಗ್. ಅಂದ್ರ ಏನಲೇ? ಹುಡುಗ ಓಡಾಕತ್ತಾನ. ಯಾಕ ಓಡಾಕತ್ತಾನ? ಮನಿಪಾಠ ಮಾಡಿಲ್ಲ, ಮಾಸ್ತರ ಬಡೀತಾನಂತ ಓಡಾಕತ್ತಾನ!" ಹುಡುಗರು ನಗುತ್ತಿದ್ದರು, ನಕ್ಕು ಕಲಿಯುತ್ತಿದ್ದರು, ಪಾಸೂ ಆಗುತ್ತಿದ್ದರು. ಕನ್ನಡ ಬಾರದ ಮನುಷ್ಯನ ಎದುರು ನಿಂತು ಮಾತ್ರ ಅವನು ಜನ್ಮದಲ್ಲಿ ಒಂದು ಇಂಗ್ಲಿಷ್ ವಾಕ್ಯ ಆಡಿರಲಿಲ್ಲ. ಒಮ್ಮೆ ಗೋಳಗುಮ್ಮಟ ನೋಡಲು ಬಂದ ಬಿಳಿಯ ಗಂಡಹೆಂಡತಿ ದಾರಿ ಕೇಳಿದಾಗ ಕಿವಿ ತೋರಿಸಿ, ಕೈಯಾಡಿಸಿ, ಕಿವುಡನ ಹಾಗೆ ನಟಿಸಿ ಪಾರಾಗಿದ್ದ.

ಲಕೋಟೆ ಹಿಡಿದು ಕಟ್ಟೆಯ ಮೇಲೆ ಕುಸಿದವನನ್ನು ಮೊದಲು ಕಂಡವಳು ಮನೆಯ ಒಡತಿ ಚಂದ್ರಾಬಾಯಿ.

"ಯಾಕೋ ಯಪ್ಪಾ, ಮಾರಿ ಹಂಗ್ಯಾಕ ಮಾಡೀದಿ? ಊರಾಗ ಎಲ್ಲಾರೂ ಆರಾಮ ಅದಾರಿಲ್ಲೋ?"

"ಆರಾಮ ಅದಾರ್ರೀ ಅವ್ವಾರ. ನೌಕರಿ ಬಂದಾವು. ಎರಡು."

"ಎರಡು! ಯಾವೂರಾಗ?"

"ಒಂದು ಸುಡಾನ."

ಚಂದ್ರಾಬಾಯಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ನನ್ನಪ್ಪಾ, ಹೆಸರಿನ್ಯಾಗ ಸುಡೂದೈತಲ್ಲೋ! ಇಲ್ಲಿ ಬ್ಯಾಸಗಿ ನಿನಗ ಸಾಲವಲ್ದೇನು? ಆ ಮಾತು ಇಲ್ಲಿಗೇ ಬಿಡು. ಇನ್ನೊಂದು ಯಾವುದು?"

"ಘಾನಾ."

"ಅದಕ್ಕ ಹೋಗು," ಎಂದು ಚಂದ್ರಾಬಾಯಿ ತೀರ್ಪು ಕೊಟ್ಟು, ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು.

ಎದುರು ಮನೆಯ ಗೈಬುಸಾಬ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿಬಂದ. ಅವನು ದರ್ಜಿ. ಮಾಸ್ತರ ಫಾರಿನ್ನಿಗೆ ಹೋಗುವಾಗ ಕೋಟು ತಾನೇ ಹೊಲಿಯಬೇಕೆಂದು ಅರ್ಜಿ ಹಾಕಿದ ದಿನದಿಂದಲೂ ಕಾದಿದ್ದವನು.

"ಘಾನಾದಾಗ ಬಂಗಾರ ಸಿಗತೈತಂತ್ರಿ ಮಾಸ್ತರ. ರೇಡಿಯೋದಾಗ ಕೇಳೀನಿ. ಕೈ ಮ್ಯಾಲ ಮಾಡ್ರಿ."

"ಗೈಬುಸಾಬ, ನಾ ಇನ್ನೂ ಹೂಂ ಅಂದಿಲ್ಲ."

"ಹೂಂ ಆಮ್ಯಾಲ ಅನ್ರಿ. ಮೊದಲ ಅಳತಿ ಕೊಡ್ರಿ."

ನಡುರಸ್ತೆಯಲ್ಲಿ ಎರಡೂ ಕೈ ಎತ್ತಿ ನಿಂತ ಸಿದ್ದರಾಯನನ್ನು ನೋಡಲು ಓಣಿಯ ಮಂದಿ ಕೂಡಿದರು. ಅಷ್ಟರಲ್ಲಿ ಓಣಿಯ ಬಾಯಲ್ಲಿ ಸಿದ್ದರಾಯನ ಊರಾದ ಟಿಕೋಟಾದ ಬಸ್ಸು ಗುಡುಗುತ್ತ ಬಂತು. ಎತ್ತಿನ ಬಂಡಿಯೊಂದು ಅಡ್ಡ ನಿಂತದ್ದರಿಂದ ಬಸ್ಸು ತುಸು ತಡೆಯಿತು. ಗೈಬುಸಾಬ ಟೇಪು ಬಿಟ್ಟು ಓಡಿದ.

"ಏ ಯಾಕೂಬ! ಟಿಕೋಟಾದಾಗ ಶಿವಯೋಗೆಪ್ಪಗ ಹೇಳು, ನಿನ್ನ ಮಗಾ ಸಾಲಿ ಬಿಟ್ಟು ಘಾನಾಕ್ಕ ಹೊಂಟಾನ!"

ಡ್ರೈವರ್ ಯಾಕೂಬ ಎಂಜಿನ್ನಿನ ಗದ್ದಲದೊಳಗಿಂದ ಕೈ ಬೀಸಿದ. "ಹೇಳ್ತೀನಿ, ಹೇಳ್ತೀನಿ!" ಬಸ್ಸು ಹೋಯಿತು.

"ನಮ್ಮಪ್ಪಗ ಯಾಕ ಹೇಳಿ ಕಳಿಸಿದಿ?" ಎಂದು ಸಿದ್ದರಾಯ ಕೈ ಇಳಿಸದೆಯೇ ಕೇಳಿದ. ಮನೆತನದ ಎಣ್ಣೆಯ ಕಸುಬು ಬೇಡವೆಂದು ಓದಿಕೊಂಡು ಊರು ಬಿಟ್ಟವನು ಅವನು. ಅಪ್ಪ ಅದನ್ನು ಇನ್ನೂ ಮರೆತಿರಲಿಲ್ಲ. ಮಗ ದೇಶವನ್ನೇ ಬಿಟ್ಟು ಹೊರಟನೆಂದರೆ ಮುದುಕನ ಗತಿ ಏನು?

"ಹೆತ್ತ ತಂದಿಗೆ ಹೇಳದ ಹೊಕ್ಕೀರೇನ್ರಿ?" ಎಂದು ಗೈಬುಸಾಬ ಸೊಂಟದ ಅಳತೆಗೆ ಇಳಿದ.

ಶಾಲೆಗೆ ಹೋದರೆ ಸುದ್ದಿ ಅವನಿಗಿಂತ ಮೊದಲೇ ಹೋಗಿ ಕೂತಿತ್ತು. ಹೆಡ್‌ಮಾಸ್ತರ ಗುರುಪಾದಯ್ಯನವರು ಬಾಗಿಲಲ್ಲಿಯೇ ನಿಂತು ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿದರು. ಅವರ ಹಿಂದೆ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ತರುಣ ನಿಂತಿದ್ದ.

"ಇಂವ ನನ್ನ ತಂಗಿ ಮಗಾ. ಬಿ.ಎ. ಮಾಡಿ ಮನ್ಯಾಗ ಕುಂತಿದ್ದ. ನಿಮ್ಮ ಜಾಗಾಕ್ಕ ಇವತ್ತಿನಿಂದ ಇವನ ಬರ್ತಾನ. ನೀವು ಒಂದು ರಾಜೀನಾಮಾ ಬರದು ಕೊಟ್ಟುಬಿಡ್ರಿ."

"ಸರ, ನಾ ಇನ್ನೂ ಯಾವ ದೇಶಾಂತ..."

"ದೇಶಾ ಸಂಜೀತನಕ ಆರಸ್ರಿ. ರಾಜೀನಾಮಾ ಈಗ ಬರೀರಿ. ತಂತಿ ಆಫೀಸ್ ಮುಚ್ಚೂದ್ರೊಳಗ ಎಲ್ಲಾ ಮುಗೀಬೇಕು."

ಕೊರಳಲ್ಲಿ ಮಾಲೆ ಇದ್ದವನು ಇಲ್ಲ ಎನ್ನುವುದು ಬಹಳ ಕಷ್ಟ. ಸಿದ್ದರಾಯ ಬರೆದುಕೊಟ್ಟ. ಪಕ್ಕದ ಕೋಣೆಯಲ್ಲಿ ತಂಗಿಯ ಮಗ ಆಗಲೇ ಪಾಠ ಶುರುಮಾಡಿದ್ದ. ಹುಡುಗರ ನಗುವಿನ ಸದ್ದು ಮಾತ್ರ ಕೇಳಲಿಲ್ಲ. ಕೈಯಲ್ಲಿದ್ದದ್ದು ಹೋಯಿತು, ಎದುರಿಗಿರುವ ಎರಡೂ ಬೇಡ. ಸುಡಾನದ ಹುಡುಗ ‘ರನ್ನಿಂಗ್ ಅಂದರೇನು’ ಎಂದು ಕೇಳಿದರೆ ಯಾವ ಭಾಷೆಯಲ್ಲಿ ಹೇಳುವುದು? ಘಾನಾದ ಹುಡುಗ ಕೇಳಿದರೆ? ತಾನೇ ಓಡಿ ತೋರಿಸಬೇಕೇ?

ಮಧ್ಯಾಹ್ನದ ಬಸ್ಸಿಗೆ ಶಿವಯೋಗೆಪ್ಪ ಬಂದೇಬಿಟ್ಟ. ಒಗೆದ ಧೋತರ, ಹೊಸ ರುಮಾಲು, ಕೈಯಲ್ಲಿ ಶೇಂಗಾ ಹೋಳಿಗೆಯ ಗಂಟು. ಅಳುತ್ತ ಬರುತ್ತಾನೆ ಎಂದುಕೊಂಡಿದ್ದ ಅಪ್ಪ ನಗುತ್ತ ಹೆಡ್‌ಮಾಸ್ತರರ ಕೋಣೆಗೆ ಬಂದದ್ದು ಕಂಡು ಸಿದ್ದರಾಯ ಗಾಬರಿಯಾದ.

"ನಮಸ್ಕಾರ್ರೀ ಸರ. ಮಗನ್ನ ಬಿಟ್ಟುಕೊಟ್ರಂತ. ಭಾಳ ಉಪಕಾರ ಆತು."

"ಉಪಕಾರ ಏನ ಬಂತು ಶಿವಯೋಗೆಪ್ಪನವರ? ಮಗಾ ದೂರ ಹೊಂಟಾನಂತ ಮನಸ್ಸಿಗೆ ಹಚ್ಕೋಬ್ಯಾಡ್ರಿ."

"ದೂರ ಎಲ್ಲೀದ್ರಿ? ಬಸ್ ಇಳದು ಒಂದು ಕೂಗು ಹೊಡದ್ರ ಕೇಳತೈತಿ."

ಮುದುಕನ ಧೈರ್ಯಕ್ಕೆ ಗುರುಪಾದಯ್ಯನವರು ತಲೆದೂಗಿದರು. "ಮತ್ತ ಅಲ್ಲಿ ಊಟಕ್ಕ ಹೆಂಗ್ರಿ?"

"ಅವರವ್ವ ಅದಾಳಲ್ರಿ ಮಾಡಿ ಹಾಕಾಕ."

"ತಾಯೀನೂ ಕರಕೊಂಡು ಹೊಂಟಾನ?"

"ಆಕಿ ಮದವಿ ಆದಾಗಿಂದ ಅಲ್ಲೇ ಅದಾಳ್ರಿ."

ಗುರುಪಾದಯ್ಯನವರು ಚಷ್ಮಾ ತೆಗೆದು ಒರೆಸಿಕೊಂಡರು. "ಅಂದ್ರ ನಿಮ್ಮ ಮನಿತನಾನ ಅಲ್ಲೀದು?"

"ನಮ್ಮ ಮುತ್ಯಾನ ಕಾಲದಿಂದ್ರಿ. ಆವಾಗೆಲ್ಲಾ ಎತ್ತಿನ ಮ್ಯಾಲ ನಡೀತಿತ್ತು. ಈಗ ಎಂಜಿನ್ ಬಂದೈತಿ."

"ಹೌದೌದು, ಭಾಳ ಮುಂದುವರದಾರ ಅಂತ ಪೇಪರಿನ್ಯಾಗ ಓದೀನಿ. ಹಡಗ ಯಾವಾಗ?"

"ಹಡಗಾ?" ಎಂದ ಶಿವಯೋಗೆಪ್ಪ. "ನಮ್ಮೂರ ಹಳ್ಳದಾಗ ಮಳಿಗಾಲದಾಗೂ ಮೊಣಕಾಲ ಮಟಾ ನೀರ..."

ಸಿದ್ದರಾಯ ಜೋರಾಗಿ ಕೆಮ್ಮಿ, ಅಪ್ಪನ ರಟ್ಟೆ ಹಿಡಿದು ಹೊರಗೆ ಎಳೆದುತಂದ.

"ಅಪ್ಪಾ, ಯಾಕೂಬ ನಿನಗ ಏನಂತ ಹೇಳಿದ?"

"ಮತ್ತೇನ ಹೇಳ್ತಾನೋ ತಮ್ಮಾ? ‘ನಿನ್ನ ಮಗಾ ಸಾಲಿ ಬಿಟ್ಟು ಗಾಣಕ್ಕ ಹೊಂಟಾನ’ ಅಂದ. ನಿಮ್ಮವ್ವ ನಿಂತ ಕಾಲಮ್ಯಾಲೆ ಹೋಳಿಗಿ ಮಾಡ್ಯಾಳ. ನನಗಂತೂ ನಂಬಾಕ ಆಗಲಿಲ್ಲ."

ನಮ್ಮ ಕಡೆಯ ಬಾಯಿಗೆ ಮಹಾಪ್ರಾಣ ಸಿಕ್ಕರೆ ಪ್ರಾಣಸಹಿತ ಉಳಿಯುವುದಿಲ್ಲ. ಅದರ ಮೇಲೆ ಬಸ್ಸಿನ ಎಂಜಿನ್ನಿನ ಗದ್ದಲ ಬೇರೆ. ಗೈಬುಸಾಬನ ಘಾನಾ ಯಾಕೂಬನ ಕಿವಿಯಲ್ಲಿ ಶಿವಯೋಗೆಪ್ಪನ ಎಣ್ಣೆಯ ಗಾಣವಾಗಿ ಟಿಕೋಟಾ ಮುಟ್ಟಿತ್ತು.

ಅಲ್ಲಪ್ಪಾ, ಅದು ಬೇರೆ ಎಂದು ಹೇಳಲು ಸಿದ್ದರಾಯ ಬಾಯಿ ತೆರೆದ. ಅಪ್ಪನ ಮುಖ ನೋಡಿ ಮುಚ್ಚಿದ. ಆ ಸುಕ್ಕುಮುಖದಲ್ಲಿ ಅಷ್ಟು ಸಂತೋಷವನ್ನು ಅವನು ಕಂಡೇ ಇರಲಿಲ್ಲ. ಆಗ ತಲೆಯೊಳಗೆ ದೀಪ ಹತ್ತಿತು. ಸುಡಾನ ಬೇಡ, ಘಾನಾ ಬೇಡ, ಗಾಣವಾಗಬಹುದು! ಗಾಣದ ಎತ್ತಿಗೆ ಇಂಗ್ಲಿಷ್ ಬೇಕಿಲ್ಲ. ಎಣ್ಣೆ ಕೊಳ್ಳಲು ಬರುವವರಿಗೆ ಬೇಕಿಲ್ಲ. ಜನ್ಮವಿಡೀ ಕನ್ನಡದಲ್ಲಿ ಇರಬಹುದು. ಎದೆಯ ಮೇಲಿನ ಬಂಡೆ ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಗಿ, ಸಿದ್ದರಾಯ ಅಪ್ಪನ ಕೈ ಹಿಡಿದುಕೊಂಡು, "ಹೌದಪ್ಪಾ, ಗಾಣಕ್ಕ ಬರ್ತೀನಿ," ಎಂದ. ಇಷ್ಟು ವರ್ಷ ಆ ಎಣ್ಣೆಯ ವಾಸನೆಗೆ ಮೂಗು ಮುರಿದದ್ದಕ್ಕೆ ನಾಚಿಕೆಯೂ ಆಯಿತು.

ತಂತಿ ಆಫೀಸಿಗೆ ಹೋಗಿ ಎರಡೂ ದೇಶಕ್ಕೆ ‘ನಾಟ್ ಕಮಿಂಗ್’ ಎಂದು ತಂತಿ ಕೊಟ್ಟ. ಗುಮಾಸ್ತ ಓದಿ, "ಇಂಗ್ಲೀಷ್ ಅಂದ್ರ ನಿಮ್ದು ಮಾಸ್ತರ. ಎಷ್ಟ ಕಡಿಮಿ ಮಾತಿನ್ಯಾಗ ಎಷ್ಟ ಅರ್ಥ!" ಎಂದು ಮೆಚ್ಚಿಕೊಂಡ.

ಓಣಿಯವರಿಗೆ ಅವನು ಏನೂ ಹೇಳಲಿಲ್ಲ. ಟಿಕೋಟಾ ಬಸ್ಸು ಹತ್ತಲು ಹೊರಟವನನ್ನು ಕಂಡು ಅವರೇ ಅರ್ಥ ಮಾಡಿಕೊಂಡರು: ದೇಶ ಬಿಡುವ ಮುಂಚೆ ತಾಯಿಯ ಕಾಲಿಗೆ ಬೀಳಲು ಹೊರಟಿದ್ದಾನೆ. ಗೈಬುಸಾಬ, "ಕೋಟು ಬೊಂಬಾಯಿ ಹಡಗಿಗೇ ಮುಟ್ಟಸ್ತೀನ್ರಿ," ಎಂದ. ಚಂದ್ರಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ನಿಂಬೆಹಣ್ಣು ಕೈಯಲ್ಲಿಟ್ಟಳು.

"ಸಮುದ್ರದ ಮ್ಯಾಲ ಹೊಟ್ಟಿ ತೊಳಸಿದಂಗ ಆದ್ರ ಇದನ್ನ ಮೂಸು, ಯಪ್ಪಾ."

ಸೋಮವಾರ ವಿಜಾಪುರದ ಸಂತೆಗೆ ಬಂದಾಗ ಇವರಿಗೆಲ್ಲ ಏನು ಹೇಳುವುದು ಎಂಬ ಯೋಚನೆ ಬಂತು. ಸೋಮವಾರ ಬರಲಿ, ನೋಡಿಕೊಳ್ಳೋಣ ಎಂದು ಅದನ್ನೂ ಬಿಟ್ಟ. ಬಸ್ಸಿನ ಕಿಟಕಿಯಿಂದ ಗಾಳಿ ಬಂತು. ಜೋಳದ ಹೊಲಗಳು, ಕುರಿಹಿಂಡು, ಬೇಲಿಯ ಜಾಲಿಮರ ಎಲ್ಲವೂ ಅವನಿಗೆ ಅರ್ಥವಾಗುವ ಭಾಷೆಯಲ್ಲಿದ್ದವು. ಅಪ್ಪನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದ. ಚಿಂತೆಯಿಲ್ಲದ ಸುಖನಿದ್ದೆ ಅದು.

ಟಿಕೋಟಾದಲ್ಲಿ ಇಳಿದಾಗ ಕತ್ತಲಾಗಲು ಇನ್ನೂ ಹೊತ್ತಿತ್ತು. ಗಾಣದ ಅಂಗಳದಲ್ಲಿ ಅರ್ಧ ಊರು ಕೂಡಿತ್ತು. ಎತ್ತು ಗೋದಲಿಯಲ್ಲಿ ಮೆಲುಕು ಹಾಕುತ್ತಿತ್ತು. ಹಳೆಯ ಗಾಣ ಮೂಲೆ ಸೇರಿತ್ತು. ಅದರ ಜಾಗದಲ್ಲಿ ಹಸಿರು ಬಣ್ಣದ ದೊಡ್ಡದೊಂದು ಯಂತ್ರ, ಅದರ ಪಕ್ಕದಲ್ಲಿ ಖಾಕಿ ಪ್ಯಾಂಟಿನ ಅಪರಿಚಿತನೊಬ್ಬ.

"ಎಂಜಿನ್ ಬಂದೈತಿ ಅಂತ ಹೇಳಿದೆನಿಲ್ಲೋ?" ಎಂದ ಶಿವಯೋಗೆಪ್ಪ. "ಇವರು ಕೊಯಿಮತ್ತೂರಿನ ಎಂಜಿನೀಯರ. ಮಿಷನ್ ಕೂಡಸಿ, ನಡಸೂದು ಕಲಿಸಿ ಹೋಗ್ತಾರ. ಇವರಿಗೆ ಕನ್ನಡ ಬರಂಗಿಲ್ಲ, ಹಿಂದಿ ಬರಂಗಿಲ್ಲ, ತಮಿಳ ಬಿಟ್ಟರ ಬರೇ ಇಂಗ್ಲೀಷ ಬರತೈತಿ. ಬಂದಾಗಿಂದ ಕೈಸನ್ನಿ ಮಾಡಿ ಮಾಡಿ ನನಗ ರಟ್ಟಿ ಬಿದ್ದು ಹೋಗ್ಯಾವು. ಏನ ಮಾಡೂದಪ್ಪಾ ಅಂತ ತಲಿಮ್ಯಾಲೆ ಕೈ ಹೊತ್ತು ಕುಂತಾಗ ಯಾಕೂಬ ಬಂದು ನೀ ಗಾಣಕ್ಕ ಹೊಂಟೀ ಅಂದ. ದೇವರ ಕಳಿಸಿದಂಗ ಆತು ನೋಡು!"

ಎಂಜಿನೀಯರನೂ ದೇವರನ್ನೇ ಕಂಡವನಂತೆ ಎರಡೂ ಕೈ ಚಾಚಿ ಓಡಿಬಂದ. ಬಹಳ ದಿನ ಮಾತಿಲ್ಲದೆ ಕೂತಿದ್ದ ಮನುಷ್ಯ. ಒಡ್ಡು ಒಡೆದ ಕೆರೆಯ ಹಾಗೆ ಅವನ ಬಾಯಿಂದ ಇಂಗ್ಲಿಷ್ ಹರಿಯಿತು. ಸಿದ್ದರಾಯನಿಗೆ ‘ಸರ್’ ಎಂಬುದೊಂದು ತಿಳಿಯಿತು.

"ಈಗ ನೀ ಮಾತಾಡು," ಎಂದ ಅಪ್ಪ. "ಊರ ಮಂದಿ ಕೇಳಾಕಂತನ ಬಂದಾರ."

ಮಂದಿ ಒತ್ತಿಕೊಂಡು ಮುಂದೆ ಬಂತು. ಕಿವಿ ತೋರಿಸಿ ಕೈಯಾಡಿಸೋಣವೆಂದರೆ ನೋಡುತ್ತಿರುವವರೆಲ್ಲ ಅವನನ್ನು ಹುಟ್ಟಿದಾಗಿನಿಂದ ಬಲ್ಲವರು. ಸಿದ್ದರಾಯ ಚಂದ್ರಾಬಾಯಿಯನ್ನು ನೆನೆದ. ಜೇಬಿನಿಂದ ನಿಂಬೆಹಣ್ಣು ತೆಗೆದು ಮೂಸಿದ. ಬಾಯಿ ತೆರೆದ. ಬಂದದ್ದು ಅದೊಂದೇ.

"ದಿ ಬಾಯ್ ಈಜ್ ರನ್ನಿಂಗ್."

ಎಂಜಿನೀಯರ ಗಾಬರಿಯಾಗಿ, ಯಾವ ಹುಡುಗ, ಎಲ್ಲಿ ಓಡುತ್ತಿದ್ದಾನೆ ಎಂದು ಸುತ್ತಲೂ ತಿರುತಿರುಗಿ ನೋಡಿದ.

ಶಿವಯೋಗೆಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡು ಮಂದಿಯ ಕಡೆ ತಿರುಗಿದ.

"ನೋಡಿದ್ರಿಲ್ಲೋ! ನಾ ಇಷ್ಟ ದಿನಾ ಕೂಗಿ ಕೂಗಿ ಸತ್ತರೂ ತಿರುಗಿ ನೋಡಲಾರದ ಮನುಷ್ಯಾ, ನನ್ನ ಮಗನ ಒಂದು ಮಾತಿಗೆ ಹೆಂಗ ತಿರುಗಾಕತ್ತಾನ!"