ನೀಲಿ ತುಟಿಯ ಗುಮಾಸ್ತ

ನೀರಿನ ಕಚೇರಿಯ ಗುಮಾಸ್ತ ಅಂದು ಜ್ವರವೆಂದು ರಜೆ ಹಾಕಿದ್ದು ಒಂದು ಕಬ್ಬಿಣದ ಹಲಗೆಗಾಗಿ. ಹಿತ್ತಲ ಕೋಣೆಯಲ್ಲಿ ಮೂರು ತಿಂಗಳಿಂದ ಅದನ್ನು ಹವ್ಯಾಸಕ್ಕೆಂದು ಕೈಯಿಂದಲೇ ಕೆರೆದು ಸಮತಟ್ಟು ಮಾಡುತ್ತಿದ್ದ. ಕೆಲಸವೇನೋ ಸುಲಭ. ಸಮನಾಗಿರುವ ಇನ್ನೊಂದು ಹಲಗೆಗೆ ತೆಳ್ಳಗೆ ನೀಲಿ ಬಣ್ಣ ಬಳಿದು, ಇದನ್ನು ಅದರ ಮೇಲೆ ಉಜ್ಜಬೇಕು. ಉಬ್ಬಿದ್ದಲ್ಲೆಲ್ಲ ನೀಲಿ ಹತ್ತುತ್ತದೆ. ಅಷ್ಟನ್ನು ಉಳಿಯಿಂದ ಕೆರೆಯಬೇಕು. ಮತ್ತೆ ಬಳಿ, ಮತ್ತೆ ಉಜ್ಜು, ಮತ್ತೆ ಕೆರೆ. ಕೆರೆದಷ್ಟೂ ನೀಲಿ ಸಣ್ಣ ಸಣ್ಣ ಚುಕ್ಕೆಗಳಾಗಿ ಹರಡುತ್ತದೆ; ಚುಕ್ಕೆ ಹೆಚ್ಚಿದಷ್ಟೂ ಹಲಗೆ ಸಮ. ಕಚೇರಿಯ ಕಡತದ ಹಾಗೆ, ಮುಗಿಯುವುದೊಂದು ಬಿಟ್ಟು ಉಳಿದೆಲ್ಲ ನಡೆಯುತ್ತಿತ್ತು.

ಆ ನೀಲಿ ಬಣ್ಣ ಹಲಗೆಗಿಂತ ಮನುಷ್ಯರಿಗೆ ಬೇಗ ಅಂಟುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ, ಬೆವರೊರೆಸಿಕೊಂಡ ಗುಮಾಸ್ತನ ಹಣೆ, ಮೂಗು, ತುಟಿ ಎಲ್ಲಕ್ಕೂ ಪಾಲು ಸಿಕ್ಕಿತ್ತು.

ಆಗಲೇ ಕಾಂಪೌಂಡಿನಾಚೆಯಿಂದ ನಿವೃತ್ತ ನರ್ಸಮ್ಮ ಇಣುಕಿದರು.

“ಅಯ್ಯೋ, ತುಟಿ ನೀಲಿಯಾಗಿದೆಯಲ್ಲಪ್ಪಾ! ಇದು ಹಾರ್ಟೇ!”

“ಇಲ್ಲಮ್ಮಾ, ಇದು ಬಣ್ಣ...”

“ಮಾತಾಡ್ಬೇಡ, ಉಸಿರು ಉಳಿಸ್ಕೋ! ಮೂವತ್ತು ವರ್ಷ ವಾರ್ಡಲ್ಲಿದ್ದೋಳು ನಾನು.”

ಮಾತಾಡಿದರೆ ಆಯಾಸ, ಸುಮ್ಮನಿದ್ದರೆ ಪ್ರಜ್ಞೆ ತಪ್ಪಿದ್ದು ಎಂದು ತೀರ್ಮಾನವಾಯಿತು. ಎದುರುಮನೆ ಟೈಲರ್ ಕಾಲು ಹಿಡಿದ, ಪಕ್ಕದ ಬಡಗಿ ತೋಳು ಹಿಡಿದ. ಗುಮಾಸ್ತ ಬೀರುವಿನ ಹಾಗೆ ಬಾಗಿಲಿನ ಎರಡೂ ಕಡೆ ತಾಗುತ್ತ ಹೊರಬಂದು ನರ್ಸಮ್ಮನ ಕಾರು ಸೇರಿದ.

ನರ್ಸಮ್ಮ ಅಷ್ಟರಲ್ಲೇ ಅವನ ಕಚೇರಿಗೂ ಫೋನು ಮಾಡಿದ್ದರು. ದವಾಖಾನೆ ಬಾಗಿಲಲ್ಲಿ ಸಾಹೇಬರೇ ನಿಂತಿದ್ದರು.

“ಬರೀ ಜ್ವರ ಅಂದಿದ್ರಲ್ರೀ,” ಎಂದು ಮರುಗಿದರು. ಗುಮಾಸ್ತನ ಎದೆ ನಿಜವಾಗಿ ಹೊಡೆದುಕೊಂಡದ್ದು ಆಗಲೇ.

ಒಳಗೆ ಡಾಕ್ಟರಮ್ಮ ಸ್ಪಿರಿಟ್ ಹತ್ತಿಯಿಂದ ತುಟಿ ಒರೆಸಿದರು. ಹತ್ತಿ ನೀಲಿಯಾಯಿತು. ಅದನ್ನು ಮೂಸಿ ನೋಡಿದರು.

“ಹಲಗೆ ಕೆರೀತೀರಾ? ಇಂಚಿಗೆ ಎಷ್ಟು ಚುಕ್ಕೆ ಹತ್ತುತ್ತೆ?”

“ಇಪ್ಪತ್ತು,” ಎಂದ ಗುಮಾಸ್ತ ಬೆಪ್ಪಾಗಿ. ಆಮೇಲೆ ಅವರ ಉಗುರು ನೋಡಿದ. ಅಂಚಿನಲ್ಲಿ ಅದೇ ನೀಲಿ.

“ನಂಗೆ ಹನ್ನೆರಡು ದಾಟೋದೇ ಇಲ್ಲ,” ಎಂದು ಅವರು ನಿಟ್ಟುಸಿರಿಟ್ಟರು.

ಗುಮಾಸ್ತ ಕೈಮುಗಿದ. “ಮೇಡಂ, ಹೊರಗೆ ಸಾಹೇಬ್ರಿದ್ದಾರೆ. ಬಣ್ಣ ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ. ಯಾವುದಾದ್ರೂ ಒಂದು ಕಾಯಿಲೆ ಬರ್ಕೊಡಿ.”

ಡಾಕ್ಟರಮ್ಮ ಬರೆದುಕೊಟ್ಟರು: ಎದೆ ದುರ್ಬಲ, ಎರಡು ವಾರ ಮನೆಯಲ್ಲೇ ಇರಬೇಕು. ಸಾಹೇಬರು ಚೀಟಿ ಓದಿ, ನಿಂತಲ್ಲೇ ರಜೆ ಮಂಜೂರು ಮಾಡಿ ಹೋದರು. ಎರಡು ವಾರ! ಹಲಗೆ ಮುಗಿದ ಹಾಗೆಯೇ ಎಂದುಕೊಂಡು ಗುಮಾಸ್ತ ಮಂಚದಿಂದ ಜಿಗಿದ.

“ನಾಳೆ ಏಳಕ್ಕೇ ಬಂದ್ಬಿಡಿ, ಉಳಿ ತಗೊಂಡು,” ಎಂದರು ಡಾಕ್ಟರಮ್ಮ, ತಮ್ಮ ಮನೆಯ ವಿಳಾಸ ಬರೆಯುತ್ತ. “ನಮ್ಮನೇಲಿ ಆರಡಿ ಉದ್ದದ ಲೇತ್ ಮೆಷಿನ್ನಿದೆ. ಅದರ ಕಬ್ಬಿಣದ ಹಾಸು ಪೂರ್ತಿ ಕೆರೀಬೇಕು.”

“ಮನೆಯಲ್ಲೇ ಇರಬೇಕು ಅಂತ ಬರೆದಿದ್ದೀರಲ್ಲ, ಮೇಡಂ?”

“ಯಾರ ಮನೆ ಅಂತ ಬರೆದಿಲ್ವಲ್ಲ.”