ಹಿಂದಿನ ಮನೆಯ ಚೀಟಿ

ಹಾಲಿಗೆಂದು ಬಾಗಿಲು ತೆಗೆದ ಪ್ರೇಮ್‌ಕುಮಾರ್ ಹೊಸ್ತಿಲಲ್ಲೇ ನಿಂತುಬಿಟ್ಟ. ಬಾಗಿಲ ಮೇಲೆ ಕೆಂಪು ಅಕ್ಷರದ ಚೀಟಿ: ‘ಕೊರೋನ ಕ್ವಾರಂಟೈನ್. ಈ ಮನೆಗೆ ಭೇಟಿ ನೀಡಬೇಡಿ.’

ಕೊರೋನ ಬಂದದ್ದು ಹಿಂದಿನ ಮನೆಯ ಚಿಕ್ಕಬಸವಯ್ಯನವರಿಗೆ. ಎರಡೂ ಮನೆಗೆ ಒಂದೇ ನಂಬರು, ಅವರ ಬಾಗಿಲು ರಸ್ತೆಗೆ ಕಾಣದು. ಅಂಟಿಸುವವರು ಸಿಕ್ಕ ಬಾಗಿಲಿಗೆ ಅಂಟಿಸಿ ಹೋಗಿದ್ದರು.

ಬೇರೆ ದಿನವಾಗಿದ್ದರೆ ಸುಮ್ಮನಿರುತ್ತಿದ್ದನೇನೋ. ಅವನು ಕಾನೂನು ಅರಿವಿನ ಸ್ವಯಂಸೇವಕ. ಮೂರು ತಿಂಗಳು ಕಾದ ಮೇಲೆ ಇವತ್ತು ನಾಲ್ಕು ಗಂಟೆಗೆ ಮೈಕಿನ ಆಟೋ ಅವನ ಪಾಲಿಗೆ ಬಂದಿತ್ತು. ರೋಗ ಹರಡುವಾಗ ಸರ್ಕಾರ ಏನು ಮಾಡಬಹುದು, ಜನ ಏನು ಮಾಡಬಾರದು ಎಂದು ಅಶೋಕಪುರಂನ ಬೀದಿ ಬೀದಿಯಲ್ಲಿ ಸಾರಬೇಕಿತ್ತು. ಬಚ್ಚಲಲ್ಲಿ ಅವನು ಹೇಳಿಕೊಳ್ಳುತ್ತಿದ್ದ ಭಾಷಣ ಹೆಂಡತಿ ಪ್ರೀತಿಗೂ ಬಾಯಿಪಾಠವಾಗಿತ್ತು.

“ಹರ್ದಾಕ್ಬುಡಪ್ಪ ಅತ್ಲಾಗೆ!” ಎದುರು ಮನೆಯ ಲಕ್ಷ್ಮಮ್ಮ ಮಹಡಿಯಿಂದ ಕೂಗಿದರು.

“ಹರಿದ್ರೆ ಕೇಸಾಯ್ತದೆ ಕಣಮ್ಮ! ಅಂಟಿಸ್ದೋರೇ ಬಂದು ತೆಗೀಬೇಕು.”

“ಅಂಗಾರೆ ಮೇಲೊಂದು ಕ್ಯಾಲೆಂಡರ್ ನೇತಾಕು.”

“ಮುಚ್ಚಿದ್ರೂ ಕೇಸು!”

“ಅಯ್ಯೋ, ಕಾನೂನು ಗೊತ್ತಿಲ್ದೋರೇ ಸುಖವಾಗವ್ರೆ ಬುಡು!”

ಆರೋಗ್ಯ ಕಚೇರಿಗೆ ಹದಿನೇಳು ಸಲ ಫೋನು ಮಾಡಿದ. ಬೀದಿಯವರು ಅವನ ಮನೆ ದಾಟುವಾಗ ಉಸಿರು ಬಿಗಿಹಿಡಿದು ಓಡುತ್ತಿದ್ದರು. ಅವನೋ, ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಅಡುಗೆಮನೆಗೂ ಕಿಟಕಿಗೂ ಸಿಡಿಯುತ್ತಿದ್ದ.

“ಒಂದ್ಕಡೆ ಕೂತ್ಕೊಳ್ರೀ, ನಂಗೇ ತಲೆ ಸುತ್ತುತ್ತೆ” ಎಂದಳು ಪ್ರೀತಿ.

ಹದಿನೆಂಟನೆಯ ಸಲ ಫೋನು ಎತ್ತಿದವರು, “ಮೂರೂವರೆಗೆ ಬರ್ತೀವಿ. ದಾಖಲೆ ಏನಾದ್ರೂ ಇದ್ರೆ ತೋರ್ಸಿ” ಎಂದರು.

ದಾಖಲೆ! ಆ ಮಾತು ಕಿವಿಗೆ ಬಿದ್ದದ್ದೇ ತಡ, ಬಿಳಿ ಹಾಳೆ ಹಿಡಿದು, ಪ್ರೀತಿ ತಡೆಯುವಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಮಾಯವಾದ.

ಆರೋಗ್ಯ ನಿರೀಕ್ಷಕ ನಾಗಾರ್ಜುನ ಬಂದಾಗ ಪ್ರೇಮ್‌ಕುಮಾರ್ ಎದೆಯುಬ್ಬಿಸಿ ಹಾಳೆ ಚಾಚಿದ. ಅವರು ಗಟ್ಟಿಯಾಗಿ ಓದಿದರು:

“‘ಸೋಂಕು ತಗುಲಿರುವುದು ನನಗೆ, ಹಿಂದಿನ ಮನೆಯ ಚಿಕ್ಕಬಸವಯ್ಯನಿಗೆ. ಯಾರ ಬಲವಂತವೂ ಇಲ್ಲದೆ, ಪ್ರೇಮ್‌ಕುಮಾರರ ಪಕ್ಕದಲ್ಲೇ ಕೂತು, ಇಬ್ಬರೂ ಕಾಫಿ ಕುಡಿಯುತ್ತಾ, ಅವರ ಪೆನ್ನಿನಿಂದಲೇ ಸಹಿ ಹಾಕಿದ್ದೇನೆ.’ ಎಷ್ಟೊತ್ತು ಕೂತಿದ್ರಿ?”

“ಮುಕ್ಕಾಲು ಗಂಟೆ ಸಾರ್. ಹೇಳಿಕೆ ಅಂದ್ರೆ ನಿಧಾನವಾಗಿ...”

“ಮಾಸ್ಕು?”

“ಕಾಫಿ ಕುಡಿಯೋವಾಗ ಹೆಂಗ್ ಸಾರ್...”

ನಾಗಾರ್ಜುನ ಹಾಳೆಯನ್ನು ಜೋಪಾನವಾಗಿ ಮಡಚಿ ಫೈಲಿಗೆ ಸೇರಿಸಿದರು. ಬಾಗಿಲ ಚೀಟಿಯನ್ನು ಬಿಡಿಸಿ ಹಿಂದಿನ ಮನೆಗೆ ಅಂಟಿಸಿ ಬಂದರು. ಆಮೇಲೆ ಚೀಲದಿಂದ ಹೊಸದೊಂದು ತೆಗೆದರು.

“ಇದು ನಿಮ್ದೇ. ಹದಿನಾಲ್ಕು ದಿನ.”

ನಾಲ್ಕಕ್ಕೆ ಸರಿಯಾಗಿ ಆಟೋ ಬಂತು. “ಮೈಕಲ್ಲಿ ಮಾತಾಡೋರು ಎಲ್ರೀ?” ಎಂದು ಡ್ರೈವರ್ ಕೇಳುವಷ್ಟರಲ್ಲಿ ಲಕ್ಷ್ಮಮ್ಮ ಚಪ್ಪಲಿ ಮೆಟ್ಟಿ ಇಳಿದಾಗಿತ್ತು.

ಕಿಟಕಿಯ ಸರಳು ಹಿಡಿದು ನಿಂತ ಪ್ರೇಮ್‌ಕುಮಾರನಿಗೆ ಬೀದಿಯ ತಿರುವಿನಿಂದ ಕೇಳಿಸಿತು:

“ಚೀಟಿ ಹರ್ದಾಕ್ಬೇಡಿ ಕಣ್ರಪ್ಪೋ, ಕೇಸಾಯ್ತದೆ! ಮುಚ್ಚಿದ್ರೂ ಕೇಸು! ಅನುಮಾನ ಇದ್ರೆ ನಮ್ಮ ಪ್ರೇಮುನ ದೂರದಿಂದ್ಲೇ ಕೇಳಿ, ಹದ್ನಾಲ್ಕು ದಿನ ಮನೇಲೇ ಇರ್ತಾನೆ!”